ಬಸ್ಸೂ ಓಡದ ಲಂಡನ್ನಿನಲ್ಲಿ ಕ್ರಿಸ್‌ಮಸ್ ಪಾಳಿ

ಲಂಡನ್ನಿನಲ್ಲಿ ಡಿಸೆಂಬರ್ 25ಕ್ಕೆ ಏನೂ ಓಡುವುದಿಲ್ಲ. ಟ್ಯೂಬ್ ಅನ್ನೋ ಸುರಂಗ ರೈಲಿಲ್ಲ, ಮಾಮೂಲಿ ರೈಲಿಲ್ಲ, ಕೆಂಪು ಬಸ್ಸೂ ಇಲ್ಲ. ಲೈಬ್ರರಿ ಬಂದ್, ಮಾಲ್ ಬಂದ್. 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು ಅವತ್ತು ಬಾಗಿಲು ತೆರೆಯಲೇಬಾರದು ಅಂತ 2004ರಲ್ಲಿ ಕಾನೂನನ್ನೇ ಮಾಡಿದ್ದಾರೆ. ನಮ್ಮ ದಾವಣಗೆರೆಯಲ್ಲಿ ಎಂಥಾ ಬಂದ್ ಇದ್ದರೂ ಓಣಿಯೊಳಗೆ ಒಂದು ಬೀಡಾ ಅಂಗಡಿ ಅರ್ಧ ಶಟರ್ ಎತ್ತಿಕೊಂಡು ಕೂತಿರುತ್ತದೆ. ಇಲ್ಲಿ ಹಾಗಲ್ಲ. ಬಂದ್ ಅಂದರೆ ಬಂದ್.

ನಾನು ಬಂದ ಮೊದಲ ವರ್ಷ ಇದು ಗೊತ್ತೇ ಇರಲಿಲ್ಲ. ಟೂಟಿಂಗ್‌ನಲ್ಲಿ ನಾಲ್ಕು ಜನ ಸೇರಿ ಬಾಡಿಗೆಗೆ ಹಿಡಿದ ಮನೆ. ಉಳಿದ ಮೂವರು ಅವರವರ ಊರಿಗೆ ಹೋದರು. ಡಿಸೆಂಬರ್‌ನಲ್ಲಿ ಬೆಂಗಳೂರಿನ ಟಿಕೆಟ್ ರೇಟು ನೋಡಿ ನಾನು ಉಳಿದೆ. ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುವ ದಿನಗಳವು. ಮ್ಯಾಗಿ ತಿಂದು, ಅಮ್ಮನಿಗೆ ಫೋನ್ ಮಾಡಿ, ಮತ್ತೆ ಮಲಗಿದೆ. ಮರುವರ್ಷ, ಅಂದರೆ 2023ರಲ್ಲಿ, ಅದೇ ರೀತಿ ಕಳೆಯೋಕೆ ಮನಸ್ಸಾಗಲಿಲ್ಲ. ಆಫೀಸಿನಲ್ಲಿ ಯಾರೋ ಹೇಳಿದರು, ಮನೆ ಇಲ್ಲದವರಿಗಾಗಿ ಕ್ರಿಸ್‌ಮಸ್ ವಾರದಲ್ಲಿ ಕೇಂದ್ರಗಳು ತೆರೆಯುತ್ತವೆ, ಅಲ್ಲಿ ಜನ ಬೇಕಿರುತ್ತಾರೆ ಅಂತ. ಇದನ್ನ ಸಮಾಜಸೇವೆ ಅಂತ ದೊಡ್ಡದಾಗಿ ಹೇಳಿಕೊಳ್ಳೋಕೆ ನನಗೆ ಇಷ್ಟವಿಲ್ಲ. ಆ ದಿನ ಎಲ್ಲಿಗಾದರೂ ಹೋಗಬೇಕಿತ್ತು, ಅಷ್ಟೇ.

ಈ ಕೆಲಸದಲ್ಲಿ ದೊಡ್ಡ ಹೆಸರು ಕ್ರೈಸಿಸ್ ಅನ್ನೋ ಸಂಸ್ಥೆಯದು. 1967ರಲ್ಲಿ ಶುರುವಾದದ್ದು. ಪ್ರತಿ ಕ್ರಿಸ್‌ಮಸ್‌ಗೆ ಸಾವಿರಾರು ಸ್ವಯಂಸೇವಕರು ಅಲ್ಲಿಗೆ ಹೋಗುತ್ತಾರೆ. ಇದರ ಜೊತೆಗೆ ಚರ್ಚುಗಳು, ಗುರುದ್ವಾರಗಳು, ಸಣ್ಣಪುಟ್ಟ ಟ್ರಸ್ಟ್‌ಗಳು ತಮ್ಮದೇ ಹಾಲ್‌ಗಳಲ್ಲಿ ಇಂಥದ್ದನ್ನೇ ನಡೆಸುತ್ತವೆ. ನನಗೆ ಜಾಗ ಸಿಕ್ಕಿದ್ದು ಸ್ಟಾಕ್‌ವೆಲ್‌ನ ಒಂದು ಚರ್ಚಿನ ಹಾಲ್‌ನಲ್ಲಿ. ಸುಮ್ನೆ ಹೋಗಿ ನಿಂತರೆ ಸೇರಿಸಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ. ಅರ್ಜಿ, ಗುರುತಿನ ಚೀಟಿ, ಯಾರಾದರೂ ಇಬ್ಬರ ಶಿಫಾರಸು, ಆಮೇಲೆ ಆನ್‌ಲೈನಿನಲ್ಲಿ ಒಂದು ಸಂಜೆಯ ತರಬೇತಿ. 25ರ ಹಗಲಿನ ಪಾಳಿಗೆ ಎಷ್ಟು ನೂಕುನುಗ್ಗಲು ಅಂದರೆ, ನಾನು ಪಟ್ಟಿ ತೆರೆದಾಗ ಒಂದೇ ಒಂದು ಜಾಗ ಖಾಲಿ ಇತ್ತು. 27, 28ರ ಪಾಳಿಗಳು ಪೂರ್ತಿ ಖಾಲಿ. ಆಗ ಅದೇನು ಅಂತ ಅರ್ಥವಾಗಲಿಲ್ಲ. ಒಂದು ರಾತ್ರಿ ಪಾಳಿ, 25ರದ್ದು, 27ರದ್ದು ಎಲ್ಲಾ ಒತ್ತಿಬಿಟ್ಟೆ.

ತರಬೇತಿಯಲ್ಲಿ ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಜಾಸ್ತಿ. ಬಂದವರನ್ನು ಅತಿಥಿ ಅನ್ನಬೇಕು. ದುಡ್ಡು ಕೊಡಬಾರದು. ನಂಬರ್ ಕೊಡಬಾರದು. ಫೋಟೋ ತೆಗೆಯಲೇಬಾರದು. ಒಬ್ಬ ಅತಿಥಿಯ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಮಲಗಿದವರನ್ನು ಮುಟ್ಟಿ ಎಬ್ಬಿಸಬಾರದು, ಕಾಲಿನ ಕಡೆ ಸ್ವಲ್ಪ ದೂರ ನಿಂತು ಕೂಗಬೇಕು. ಎಲ್ಲಕ್ಕಿಂತ ಮುಖ್ಯ, ನೀವು ಬೀದಿಗೆ ಹೇಗೆ ಬಂದಿರಿ ಅಂತ ಕೇಳಬಾರದು. ಮತ್ತೇನು ಮಾತಾಡೋದು ಅಂತ ಯಾರೋ ಕೇಳಿದರು. ಫುಟ್ಬಾಲ್, ಮಳೆ, ಚಹಾಕ್ಕೆ ಎಷ್ಟು ಸಕ್ಕರೆ ಅಂದರು. ನಾನು ನಕ್ಕೆ. ಆದರೆ ಆ ವಾರ ಪೂರ್ತಿ ನನ್ನ ಮಾತುಕತೆ ಶುರುವಾಗಿದ್ದೆಲ್ಲ ಸಕ್ಕರೆಯಿಂದಲೇ. ಮೂರು ಚಮಚ ಅನ್ನೋರು ಮಾಮೂಲಿ. ಐದು ಅಂದವರೂ ಇದ್ದರು.

ಅಮ್ಮನಿಗೆ ಹೇಳಿದಾಗ ಅವಳು ಮೊದಲು ಕೇಳಿದ್ದು, "ಅಲ್ಲೂ ಮನೆ ಇಲ್ಲದವರು ಇದಾರಾ?" ಇದ್ದಾರೆ. 2023-24ರ ಒಂದು ವರ್ಷದಲ್ಲಿ ಲಂಡನ್ನಿನ ಬೀದಿಯಲ್ಲಿ ಮಲಗಿದ್ದು ಕಂಡು ಲೆಕ್ಕಕ್ಕೆ ಸಿಕ್ಕವರೇ 11,993 ಜನ. ಲೆಕ್ಕಕ್ಕೆ ಸಿಗದವರು ಬೇರೆ. ಗೆಳೆಯರ ಸೋಫಾದಲ್ಲಿ ಮಲಗುವವರು, ಕಾರಿನಲ್ಲಿ ಮಲಗುವವರು, ರಾತ್ರಿ ಬಸ್ಸಿನಲ್ಲಿ ಮಲಗುವವರು.

ಈ ರಾತ್ರಿ ಬಸ್ಸಿನವರ ವಿಷಯ ನನಗೆ ತಿಳಿದಿದ್ದು 24ರ ರಾತ್ರಿ ಪಾಳಿಯಲ್ಲಿ. ಆಗ ಬಸ್ ಟಿಕೆಟ್ 1.75 ಪೌಂಡ್. ರಾತ್ರಿಯಿಡೀ ಓಡುವ ಉದ್ದದ ಮಾರ್ಗದ ಬಸ್ ಹತ್ತಿ ಮೇಲಿನ ಅಂತಸ್ತಿನ ಹಿಂದಿನ ಸೀಟು ಹಿಡಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೂವರೆ ಗಂಟೆ ಬೆಚ್ಚಗೆ ನಿದ್ದೆ. ಮತ್ತೆ ಇಳಿದು, ಮತ್ತೆ ಹತ್ತಿ. ಬೆಳಿಗ್ಗೆ ಲೈಬ್ರರಿ ತೆರೆಯುವವರೆಗೆ ಹೀಗೇ. ವರ್ಷದಲ್ಲಿ 364 ದಿನ ಇದು ನಡೆಯುತ್ತದೆ. ಕ್ರಿಸ್‌ಮಸ್ ದಿನ ಬಸ್ಸೇ ಇಲ್ಲ, ಲೈಬ್ರರಿಯೂ ಇಲ್ಲ, ಬಹುಪಾಲು ಮೆಕ್‌ಡೊನಾಲ್ಡ್ಸ್ ಕೂಡ ಇಲ್ಲ. ಹಾಗಾಗಿ ಹಬ್ಬದ ದಿನವೇ ಅವರಿಗೆ ಅತಿ ಕಷ್ಟದ ದಿನ. ಕೇಂದ್ರಗಳು ಈ ವಾರವೇ ಯಾಕೆ ತೆರೆಯುತ್ತವೆ, ಬರೀ ಹಬ್ಬದ ಕನಿಕರಕ್ಕಾ ಅಂತ ನನಗೆ ಸಂಶಯ ಇತ್ತು. ಇದನ್ನು ಕೇಳಿದ ಮೇಲೆ ಹೋಯಿತು.

ಆ ರಾತ್ರಿ ಹಿಮ ಬೀಳುತ್ತಿತ್ತು ಅಂತ ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಅವತ್ತು ಹಗಲು ಹೀಥ್ರೂ ವಿಮಾನ ನಿಲ್ದಾಣದ ಕಡೆ 15 ಡಿಗ್ರಿ ದಾಟಿತ್ತು, ಇಪ್ಪತ್ತು ವರ್ಷದಲ್ಲೇ ಅತಿ ಬೆಚ್ಚನೆಯ ಕ್ರಿಸ್‌ಮಸ್ ಹಿಂದಿನ ದಿನವಂತೆ. ಇದರಲ್ಲೂ ಒಂದು ತೊಂದರೆ ಇದೆ. ಲಂಡನ್ನಿನಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಗೆ ಇಳಿಯುವ ಮುನ್ಸೂಚನೆ ಬಂದರೆ ಕೌನ್ಸಿಲ್‌ಗಳು, ಅಂದರೆ ಸ್ಥಳೀಯ ಆಡಳಿತಗಳು, ತುರ್ತು ಹಾಸಿಗೆಗಳನ್ನು ತೆರೆಯುತ್ತವೆ. ಬೆಚ್ಚಗಿದ್ದರೆ ಸಾಮಾನ್ಯವಾಗಿ ಅದಿಲ್ಲ. ಬೆಚ್ಚಗಿದ್ದು ಮಳೆಯಾದರೆ ಕಂಬಳಿ, ಬೂಟು, ಕಾಲುಚೀಲ ಎಲ್ಲಾ ನೆನೆದು ಮುದ್ದೆಯಾಗಿರುತ್ತವೆ. ಹಾಲ್‌ನಲ್ಲಿ ದಾನಕ್ಕೆ ಬಂದ ಕೋಟುಗಳು ರಾಶಿ ಬಿದ್ದಿದ್ದವು, ಕೇಳುವವರಿಲ್ಲ. ಹೊಸ ಕಾಲುಚೀಲ ಮತ್ತು ಹೊಸ ಒಳಉಡುಪು ಮಾತ್ರ ಅರ್ಧ ಗಂಟೆಯಲ್ಲಿ ಖಾಲಿ. ಯಾರಿಗಾದರೂ ಏನಾದರೂ ಕೊಡಬೇಕು ಅಂತಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ, ಹಳೇ ಸ್ವೆಟರ್ ಬೇಡ.

ಪಾದದ ವೈದ್ಯೆಯೊಬ್ಬರು ಬಂದಿದ್ದರು. ಅವರ ಮೂಲೆಯಲ್ಲಿ ಬಿಸಿನೀರಿನ ಬೋಗುಣಿ, ಟವೆಲ್, ಒಂದು ಟೇಬಲ್ ಲ್ಯಾಂಪ್. ನೀರು ಬದಲಿಸೋದು ನನ್ನ ಕೆಲಸವಾಗಿತ್ತು. ಒಬ್ಬ ವಯಸ್ಸಾದವರು ಬೂಟು ಬಿಚ್ಚೋಕೆ ಒಪ್ಪಲಿಲ್ಲ. ವಾಸನೆ ಬರುತ್ತೆ ಅಂತ ನಾಚಿಕೆ. ವೈದ್ಯೆ ಏನೂ ಒತ್ತಾಯ ಮಾಡಲಿಲ್ಲ, ನಾನು 30 ವರ್ಷದಿಂದ ಪಾದಗಳನ್ನೇ ನೋಡ್ತಾ ಬಂದಿದೀನಿ, ಮುಖಗಳಿಗಿಂತ ಅವೇ ವಾಸಿ ಅಂದರು. ಕೊನೆಗೆ ಬಿಚ್ಚಿದಾಗ ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ಅಂಗಾಲು ಬೆಳ್ಳಗೆ ಊದಿ, ನೆರಿಗೆಗಟ್ಟಿ, ಬೆರಳುಗಳ ಸಂದಿಯಲ್ಲಿ ಬಿರಿದಿತ್ತು. ವಾರಗಟ್ಟಲೆ ಒದ್ದೆ ಬೂಟಿನಲ್ಲಿದ್ದರೆ ಹೀಗಾಗುತ್ತದಂತೆ. ನೀರು ಬದಲಿಸಿ ತರುವಷ್ಟರಲ್ಲಿ ಅವರು ಕೂತಲ್ಲೇ ನಿದ್ದೆ ಹೋಗಿದ್ದರು. ವೈದ್ಯೆ ನನಗೆ ಸನ್ನೆ ಮಾಡಿ, ಕೆಲಸ ಮುಂದುವರಿಸಿದರು.

ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ನನಗೆ ಕೊಟ್ಟಿದ್ದು ಫೋನ್ ಚಾರ್ಜಿಂಗ್ ಟೇಬಲ್. ಇದಕ್ಕೂ ಒಬ್ಬ ಮನುಷ್ಯ ಬೇಕಾ ಅಂತ ನನಗೂ ಅನಿಸಿತು. ಬೇಕು. ಪರದೆ ಒಡೆದ ಸ್ಯಾಮ್‌ಸಂಗ್, ಹಳೇ ಐಫೋನ್, ಬಟನ್ ನೋಕಿಯಾ, ಪ್ರತಿಯೊಂದಕ್ಕೂ ಅತಿಥಿಯ ಹೆಸರು, ನಂಬರ್ ಬರೆದ ಚೀಟಿ ಅಂಟಿಸಿ, ಅವರ ಕೈಗೆ ಅದೇ ನಂಬರಿನ ಟೋಕನ್ ಕೊಡಬೇಕು. ನಮ್ಮ ಮದುವೆ ಛತ್ರದಲ್ಲಿ ಚಪ್ಪಲಿ ಕಾಯೋ ಕೆಲಸಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜವಾಬ್ದಾರಿ. ಯಾಕೆಂದರೆ ಇಲ್ಲಿ ಯೂನಿವರ್ಸಲ್ ಕ್ರೆಡಿಟ್ ಅನ್ನೋ ಸರ್ಕಾರಿ ಭತ್ಯೆ ಹೆಚ್ಚುಕಮ್ಮಿ ಪೂರ್ತಿ ಆನ್‌ಲೈನು. ಆಗ 25 ದಾಟಿದ ಒಂಟಿ ವ್ಯಕ್ತಿಗೆ ತಿಂಗಳಿಗೆ 368 ಪೌಂಡ್ ಚಿಲ್ಲರೆ. ಅದರ ಖಾತೆಯಲ್ಲಿ ಜರ್ನಲ್ ಅಂತ ಒಂದಿದೆ, ಸಂದೇಶಗಳೆಲ್ಲ ಅಲ್ಲಿಗೇ ಬರೋದು. ಬ್ಯಾಟರಿ ಸತ್ತು ಸಂದೇಶ ನೋಡದೆ ಒಂದು ಭೇಟಿ ತಪ್ಪಿಸಿಕೊಂಡರೆ ದುಡ್ಡಿಗೆ ಕತ್ತರಿ. ಮೂರು ಗಂಟೆ ರಾತ್ರಿಯಲ್ಲಿ ಎದ್ದು ಬಂದು, ನನ್ನದು ಎಷ್ಟು ಪರ್ಸೆಂಟ್ ಆಯ್ತು ಅಂತ ಕೇಳಿ, ಮತ್ತೆ ಹೋಗಿ ಮಲಗುವವರು ಇದ್ದರು.

25ಕ್ಕೆ ಮತ್ತೆ ಹೋಗಬೇಕು. ಬೆಳಿಗ್ಗೆ ಏಳಕ್ಕೆ ಬಿಟ್ಟರು, ಒಬ್ಬ ಸ್ವಯಂಸೇವಕ ಕಾರಿನಲ್ಲಿ ಮನೆಗೆ ಬಿಟ್ಟ, ಸ್ವಲ್ಪ ಮಲಗಿ ಹನ್ನೊಂದರ ಹೊತ್ತಿಗೆ ನಡೆದೇ ಹೊರಟೆ. ಟೂಟಿಂಗ್ ಬ್ರಾಡ್‌ವೇ, ಟೂಟಿಂಗ್ ಬೆಕ್, ಬಾಲಮ್, ಕ್ಲಾಪಮ್ ಸೌತ್, ಹೀಗೆ ಟ್ಯೂಬಿನ ನಾರ್ದರ್ನ್ ಲೈನಿನ ಸ್ಟೇಷನ್ನುಗಳನ್ನೇ ಗುರುತಿಟ್ಟುಕೊಂಡು ನೇರ ರಸ್ತೆ. ಒಂದೊಂದು ಸ್ಟೇಷನ್ನಿನ ಜಾಲರಿ ಬಾಗಿಲಿಗೂ ಬೀಗ. ಆರು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಟೂಟಿಂಗ್‌ನಲ್ಲಿ ಒಂದು ಶ್ರೀಲಂಕಾ ತಮಿಳರ ಸಣ್ಣ ಅಂಗಡಿ ತೆರೆದಿತ್ತು, ಅಲ್ಲಿ ಬಿಸ್ಕತ್ತು ತಗೊಂಡೆ. ಅದು ಬಿಟ್ಟರೆ ದಾರಿಯಲ್ಲಿ ಕಂಡಿದ್ದು ನಾಯಿ ಓಡಾಡಿಸುವವರು ಮತ್ತು ಹೊಸ ಸೈಕಲ್ ಸಿಕ್ಕಿದ ಮಕ್ಕಳು.

ಹಾಲ್‌ನಲ್ಲಿ ಮಾತ್ರ ಜಾತ್ರೆ. ಗೋಡೆಯಾಚೆ ಚರ್ಚಿನಲ್ಲಿ ಹಾಡು, ಈಚೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು. ಟರ್ಕಿ ಕೋಳಿ, ಹುರಿದ ಆಲೂಗಡ್ಡೆ, ಬ್ರಸೆಲ್ಸ್ ಸ್ಪ್ರೌಟ್ಸ್, ಕ್ರ್ಯಾನ್‌ಬೆರಿ ಸಾಸ್, ಗ್ರೇವಿ. ನಾನು ಮಾಂಸ ತಿನ್ನದ ಮನೆಯಲ್ಲಿ ಬೆಳೆದವನು, ನನ್ನನ್ನೇ ಟರ್ಕಿ ತಟ್ಟೆಗೆ ಹಾಕೋಕೆ ನಿಲ್ಲಿಸಿದರು. ಕೈಗೆ ಗವುಸು, ತಲೆಗೆ ನೇರಳೆ ಬಣ್ಣದ ಕಾಗದದ ಕಿರೀಟ. ಮೊದಲ ಹತ್ತು ತಟ್ಟೆ ಉಸಿರು ಬಿಗಿಹಿಡಿದು ಬಡಿಸಿದೆ, ಆಮೇಲೆ ಏನೂ ಅನಿಸಲಿಲ್ಲ. ಕಾಲಿನ ಭಾಗ ಬೇಕು, ಎದೆಯ ಭಾಗ ಬೇಡ, ಗ್ರೇವಿ ಆಲೂಗಡ್ಡೆಗೆ ತಾಗಬಾರದು, ಹೀಗೆ ಎಲ್ಲರಿಗೂ ಅವರದೇ ಹಟ. ಅದು ನನಗೆ ಇಷ್ಟವಾಯಿತು. ಬೀದಿಯಲ್ಲಿ ಸಿಕ್ಕಿದ್ದನ್ನು ತಿನ್ನುವವರಿಗೆ ಇಲ್ಲಿ ಬೇಡ ಅನ್ನೋಕೆ ಅವಕಾಶ ಇತ್ತು.

ಮೂರು ಗಂಟೆಗೆ ಟಿವಿಯಲ್ಲಿ ರಾಜನ ಭಾಷಣ. ಅರ್ಧ ಜನ ಎದ್ದು ಸಿಗರೇಟು ಸೇದೋಕೆ ಹೋದರು. ಇನ್ನರ್ಧ ಜನ ಶಿಸ್ತಾಗಿ ಕೂತು ಕೇಳಿದರು. ನನ್ನನ್ನು ಒಬ್ಬ ಕೆರಿಬಿಯನ್ ಅಜ್ಜ ಚುಕ್ಕೆ ಬಿಲ್ಲೆಗಳ ಡಾಮಿನೋಸ್ ಆಟ ಆಡೋಕೆ ಕೂರಿಸಿಕೊಂಡ. ಬಿಲ್ಲೆಯನ್ನು ಮೆಲ್ಲಗೆ ಇಟ್ಟರೆ ಅವನಿಗೆ ಸಿಟ್ಟು. ಟೇಬಲ್ ಅದುರುವ ಹಾಗೆ ಬಡಿಯಬೇಕು. ಬಡಿಯೋದು ಬಂತು, ಗೆಲ್ಲೋದು ಮಾತ್ರ ಬರಲಿಲ್ಲ.

ಸ್ವಯಂಸೇವಕರ ಬಗ್ಗೆ ಎರಡು ಮಾತು ಹೇಳಲೇಬೇಕು. ಹಬ್ಬ ಬಿಟ್ಟು ಬಂದ ತ್ಯಾಗಿಗಳು ಇವರು ಅಂತ ನಾನು ಊಹಿಸಿಕೊಂಡಿದ್ದೆ. ಚಹಾ ಕುಡಿಯುವಾಗ ಮಾತಾಡಿಸಿದರೆ ಬೇರೆಯೇ ಚಿತ್ರ. ಒಬ್ಬಾಕೆ ಮುಸ್ಲಿಂ ಫಾರ್ಮಸಿಸ್ಟ್, ಹೇಗೂ ನಮ್ಮ ಹಬ್ಬ ಅಲ್ಲ ಅಂತ ಪ್ರತಿ ವರ್ಷ ಬರುವವರು. ಒಂದು ಯಹೂದಿ ದಂಪತಿ, ಅವರದೂ ಅದೇ ಕಾರಣ. ಒಬ್ಬ ನಿವೃತ್ತ ಮೇಷ್ಟ್ರು, ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಈ ಒಂದು ದಿನ ಕೂರೋಕೆ ಆಗಲ್ಲ ಅಂದರು. ಒಬ್ಬನಿಗೆ ವಿಚ್ಛೇದನವಾಗಿದೆ, ಈ ಸಲ ಮಕ್ಕಳು ತಾಯಿಯ ಕಡೆ. ಸ್ಟಾಕ್‌ವೆಲ್‌ನಲ್ಲಿ ಪೋರ್ಚುಗೀಸರು ಜಾಸ್ತಿ, ಅವರಲ್ಲೊಬ್ಬಾಕೆ ಉಂಗುರದಂತಿರುವ ಬೋಲೊ ರೇ ಕೇಕು ಹೊತ್ತು ತಂದಿದ್ದಳು, ಅವಳಿಗೂ ಊರಿಗೆ ಹೋಗೋಕೆ ಟಿಕೆಟ್ ಸಿಕ್ಕಿರಲಿಲ್ಲ. ಜೊತೆಗೆ ನಾನು, ಮ್ಯಾಗಿಯಿಂದ ತಪ್ಪಿಸಿಕೊಂಡು ಬಂದವನು. ಅವತ್ತು ಕೌಂಟರಿನ ಈ ಕಡೆಯವರಿಗೂ ಹೋಗೋಕೆ ಬೇರೆ ಜಾಗ ಇರಲಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ಅಲ್ವಾ? ಆದರೆ ಸೇವೆ ಸೇವೆ ಅಂತ ಜಂಬ ಪಡೋಕೆ ಜಾಗ ಉಳಿಯಲ್ಲ.

ಸಂಜೆ ಒಬ್ಬ ಪಂಜಾಬಿ ಹಿಂದಿಯಲ್ಲಿ ಮಾತಾಡಿಸಿದ. ಐವತ್ತು ದಾಟಿದ ವಯಸ್ಸು, ಕಟ್ಟಡ ಕೆಲಸದವನು, ವೀಸಾ ಮುಗಿದು ಎಷ್ಟೋ ವರ್ಷವಾಗಿದೆ. ನಾನು ಏನೂ ಕೇಳಿರಲಿಲ್ಲ, ತಾನಾಗೇ ಹೇಳಿದ. ಬೆನ್ನು ನೋವು ಬಂದು ಕೆಲಸ ಹೋಯಿತು, ಕೆಲಸದ ಜೊತೆ ಮಲಗೋ ಜಾಗವೂ ಹೋಯಿತು. ಇವನಿಗೆ ಯೂನಿವರ್ಸಲ್ ಕ್ರೆಡಿಟ್ ಇಲ್ಲ, ಕೌನ್ಸಿಲ್ ಮನೆ ಇಲ್ಲ. ಈ ದೇಶದಲ್ಲಿರೋಕೆ ನನಗೆ ಕೊಟ್ಟ ವೀಸಾ ಕಾರ್ಡು ಪರ್ಸಿನಲ್ಲಿತ್ತು, ಅದರ ಮೇಲೂ 'ನೋ ಪಬ್ಲಿಕ್ ಫಂಡ್ಸ್', ಅಂದರೆ ಸರ್ಕಾರಿ ನೆರವು ಸಿಗಲ್ಲ ಅಂತ ಅಚ್ಚಾಗಿತ್ತು. ಆ ಸಾಲನ್ನು ಅಷ್ಟರವರೆಗೆ ಗಮನಿಸಿಯೇ ಇರಲಿಲ್ಲ. ಕೆಲಸಕ್ಕಾಗಿ ಕೊಡುವ ಸ್ಕಿಲ್ಡ್ ವರ್ಕರ್ ವೀಸಾದವರಿಗೆ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನ, ಅಷ್ಟರಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು. ನಾನು ಅವನಷ್ಟು ಕಷ್ಟದಲ್ಲಿದ್ದೆ ಅಂತಲ್ಲ. ನನಗೆ ವಾಪಸ್ ಹೋಗೋಕೆ ದಾವಣಗೆರೆಯಲ್ಲಿ ಮನೆ ಇದೆ. ಅವನು ಹೋಗೋಕೆ ತಯಾರಿರಲಿಲ್ಲ. ಇಷ್ಟು ವರ್ಷ ಆದಮೇಲೆ ಬರಿಗೈಲಿ ಯಾವ ಮುಖ ಇಟ್ಕೊಂಡು ಹೋಗಲಿ ಅಂದ. ಆಮೇಲೆ ನಾಳೆ ದಾಲ್ ಮಾಡ್ತೀರಾ ಅಂತ ಕೇಳಿದ. ಅಡುಗೆಮನೆಗೆ ಹೇಳಿದೆ. ಮರುದಿನ ಗುರುದ್ವಾರದವರು ದಾಲ್, ರೊಟ್ಟಿ ತಂದರಂತೆ, ನಾನು ಇರಲಿಲ್ಲ.

ಈಗ 27ರ ವಿಷಯ. ಆ ವರ್ಷ 25 ಸೋಮವಾರ ಬಂದಿತ್ತು. 26 ಕೂಡ ರಜೆ. ಅಂದರೆ ಶುಕ್ರವಾರ ಸಂಜೆ ಮುಚ್ಚಿದ ಕೌನ್ಸಿಲ್ ಕಚೇರಿಗಳು ತೆರೆದಿದ್ದು ಬುಧವಾರ ಬೆಳಿಗ್ಗೆ. 27ರಿಂದ 29, ಮೂರೇ ದಿನ. ಆಮೇಲೆ ಮತ್ತೆ ಹೊಸ ವರ್ಷದ ರಜೆ. ಅತಿಥಿಗಳ ಪಾಲಿಗೆ ನಿಜವಾಗಿ ಏನಾದರೂ ಆಗೋದಿದ್ದರೆ ಆ ಮೂರು ದಿನದಲ್ಲಿ ಆಗಬೇಕು. ಅಂಥಾ ದಿನ ಬೆಳಿಗ್ಗೆ ಹೋಗಿ ನೋಡಿದರೆ ಹಾಲ್‌ನಲ್ಲಿ ಸ್ವಯಂಸೇವಕರೇ ಇಲ್ಲ. 25ಕ್ಕೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದವರು ಎಲ್ಲಾ ಸೇಲ್‌ಗೆ ಹೋಗಿದ್ದರೋ, ಆಫೀಸಿಗೆ ಹೋಗಿದ್ದರೋ. ಕಿರೀಟ ಇಲ್ಲ, ಟರ್ಕಿ ಇಲ್ಲ, ಕ್ಯಾಮೆರಾ ಹಿಡಿದ ಸ್ಥಳೀಯ ಪತ್ರಿಕೆಯವರಿಲ್ಲ. ವಸತಿ ಸಲಹೆಗಾರರು ಇಬ್ಬರು, ಅವರ ಮುಂದೆ ಸಾಲು.

ನನಗೆ ಕೊಟ್ಟ ಕೆಲಸ, ಫೋನ್ ಹಿಡಿದು ಕಾಯೋದು. ಕೌನ್ಸಿಲಿಗೆ ಕರೆ ಮಾಡಿ, ಸ್ಪೀಕರ್ ಹಾಕಿ, ಅತಿಥಿಯ ಪಕ್ಕ ಕೂರಬೇಕು. ಆ ಕಡೆ ಮನುಷ್ಯರ ದನಿ ಬಂದ ಕೂಡಲೇ ಸಲಹೆಗಾರರನ್ನು ಕೂಗಬೇಕು. ನನ್ನ ಪಕ್ಕ ಒಬ್ಬ ಸುಡಾನಿನ ಹುಡುಗ. ಅವನ ಕೈಯಲ್ಲಿ ಎರಡು ಕಾಗದ. ಒಂದು, ನಿನಗೆ ನಿರಾಶ್ರಿತ ಅಂತ ಮಾನ್ಯತೆ ಸಿಕ್ಕಿದೆ ಅಂತ. ಇನ್ನೊಂದು, ಹಾಗಾಗಿ ಸರ್ಕಾರ ಕೊಟ್ಟ ಕೋಣೆ ಖಾಲಿ ಮಾಡು ಅಂತ. ಆಗಿನ ನಿಯಮದ ಪ್ರಕಾರ ಮಾನ್ಯತೆ ಸಿಕ್ಕ ಮೇಲೆ 28 ದಿನ. ಅಷ್ಟರಲ್ಲಿ ಭತ್ಯೆ, ಬ್ಯಾಂಕ್ ಖಾತೆ, ಕೆಲಸ, ಬಾಡಿಗೆ ಮನೆ ಎಲ್ಲಾ ಆಗಬೇಕಿತ್ತು. ಯೂನಿವರ್ಸಲ್ ಕ್ರೆಡಿಟ್‌ನ ಮೊದಲ ಕಂತು ಬರೋಕೇ ಐದು ವಾರ ಬೇಕು. ಲೆಕ್ಕ ನೀವೇ ಹಾಕಿ. ವರ್ಷಗಟ್ಟಲೆ ಕಾದಿದ್ದ ಒಳ್ಳೇ ಸುದ್ದಿಯೇ ಅವನನ್ನು ಬೀದಿಗೆ ತಂದಿತ್ತು.

ಹೋಲ್ಡ್ ಮ್ಯೂಸಿಕ್ ಎರಡು ಗಂಟೆಯ ಹತ್ತಿರ ಕೇಳಿದೆವು. ಒಂದೇ ಪಿಯಾನೋ ತುಣುಕು, ಮಧ್ಯೆ ಮಧ್ಯೆ ನಿಮ್ಮ ಕರೆ ನಮಗೆ ಮುಖ್ಯ ಅನ್ನೋ ಹೆಂಗಸಿನ ದನಿ. ಹುಡುಗನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನನಗೆ ಅರೇಬಿಕ್ ಬರಲ್ಲ. ಆದರೂ ಆ ದನಿ ಬಂದಾಗಲೆಲ್ಲ ಅವನು ನನ್ನ ಮುಖ ನೋಡೋದು, ನಾನು ತಲೆ ಅಲ್ಲಾಡಿಸೋದು, ಇಬ್ಬರೂ ನಗೋದು. ಕೊನೆಗೆ ಫೋನ್ ಎತ್ತಿದವರು ಹೇಳಿದ್ದು, ಇವನಿಗೆ ಈ ಪ್ರದೇಶದ ಜೊತೆ ಸಂಬಂಧ ಇಲ್ಲ, ಮೊದಲಿದ್ದ ಊರಿಗೇ ಹೋಗಬೇಕು ಅಂತ. ಕಾನೂನು ಹಾಗೇ ಇದೆ. ನಿರಾಶ್ರಿತನಿಗೆ ಸರ್ಕಾರ ಕೊನೆಯದಾಗಿ ಎಲ್ಲಿ ಕೋಣೆ ಕೊಟ್ಟಿತ್ತೋ ಆ ಊರೇ ಅವನ ಊರು. ಅವನದು ಉತ್ತರ ಇಂಗ್ಲೆಂಡಿನ ಒಂದು ಪಟ್ಟಣ, ಅಲ್ಲಿ ಅವನಿಗೆ ಯಾರೂ ಗೊತ್ತಿಲ್ಲ, ಗೊತ್ತಿರುವ ಇಬ್ಬರು ಲಂಡನ್ನಿನಲ್ಲಿದ್ದಾರೆ. ಇದರ ಮೇಲೆ ಇನ್ನೊಂದು ನಿಯಮ. ಮಕ್ಕಳಿಲ್ಲದ, ಕಾಯಿಲೆ ಇಲ್ಲದ ಒಂಟಿ ಗಂಡಸಿಗೆ ಕೌನ್ಸಿಲ್ ಸಹಾಯ ಮಾಡಬೇಕು, ಆದರೆ ಅವತ್ತು ರಾತ್ರಿಗೆ ಸೂರು ಕೊಡಲೇಬೇಕು ಅಂತೇನಿಲ್ಲ. ಸಲಹೆಗಾರ್ತಿ ಜಗಳ ಆಡಲಿಲ್ಲ. ಫೋನ್ ಇಟ್ಟು, ಆ ಉತ್ತರದ ಪಟ್ಟಣದ ನೈಟ್ ಶೆಲ್ಟರ್‌ಗಳ ನಂಬರ್ ತೆಗೆದು ಒಂದೊಂದಾಗಿ ಒತ್ತತೊಡಗಿದರು. ಮತ್ತೆ ಹೋಲ್ಡ್. ಸಂಜೆ ಹೊತ್ತಿಗೆ ಒಂದು ಹಾಸಿಗೆ ಸಿಕ್ಕಿತು. ಕೇಂದ್ರ ನಡೆಸುತ್ತಿದ್ದ ಟ್ರಸ್ಟಿನವರು ವಿಕ್ಟೋರಿಯಾ ನಿಲ್ದಾಣದಿಂದ ಹೊರಡುವ ದೂರದ ಬಸ್ಸಿಗೆ ಟಿಕೆಟ್ ತೆಗೆದುಕೊಟ್ಟರು. ಅವನಿಗೆ ಖುಷಿ ಏನೂ ಆದ ಹಾಗೆ ಕಾಣಲಿಲ್ಲ. ಹೋಗ್ತೀನಿ ಅಂದ, ಅಷ್ಟೇ.

ಎಲ್ಲರಿಗೂ ಇಷ್ಟೂ ಆಗಲಿಲ್ಲ. 29ಕ್ಕೆ ಹಾಲ್ ಚರ್ಚಿನವರಿಗೆ ವಾಪಸ್ ಕೊಡಬೇಕಿತ್ತು. ಕೆಲವರಿಗೆ ಹಾಸ್ಟೆಲಿನಲ್ಲಿ ಜಾಗವಾಯಿತು. ಡಾಮಿನೋಸ್ ಅಜ್ಜನಿಗೆ ವಯಸ್ಸಿನ ಕಾರಣದಿಂದ ಬೇಗ ಕೋಣೆ ಸಿಕ್ಕಿತಂತೆ. ಪಂಜಾಬಿಗೆ ಒಬ್ಬ ವಲಸೆ ವಕೀಲರ ಜೊತೆ ಜನವರಿಯಲ್ಲಿ ಭೇಟಿ ಗೊತ್ತಾಯಿತು, ಅಲ್ಲಿಯವರೆಗೆ ಮಲಗೋಕೆ ಏನೂ ಗೊತ್ತಾಗಲಿಲ್ಲ. ಉಳಿದವರ ಕೈಗೆ ಹಗಲು ಕೇಂದ್ರಗಳ ವಿಳಾಸ ಇರುವ ಒಂದು ಮಡಚಿದ ನಕ್ಷೆ, ಎರಡು ಜೊತೆ ಕಾಲುಚೀಲ. ಬಸ್ಸುಗಳಂತೂ ಓಡುತ್ತಿದ್ದವು.

ನೀವು ಲಂಡನ್ನಿನಲ್ಲೋ ಮತ್ತೊಂದು ಕಡೆಯೋ ಇದ್ದು ಇಂಥದ್ದಕ್ಕೆ ಹೋಗಬೇಕು ಅಂತಿದ್ದರೆ ಅಕ್ಟೋಬರ್‌ನಲ್ಲೇ ನೋಡೋಕೆ ಶುರು ಮಾಡಿ. ವೀಸಾದಲ್ಲಿ ಸಂಬಳವಿಲ್ಲದ ಸ್ವಯಂಸೇವೆಗೆ ಅವಕಾಶ ಇದೆಯಾ ಅಂತ ಮೊದಲು ಓದಿಕೊಳ್ಳಿ, ವಿದ್ಯಾರ್ಥಿಗಳಂತೂ ಎರಡು ಸಲ ಓದಿ. ಗಟ್ಟಿ ಬೂಟು ಹಾಕಿಕೊಳ್ಳಿ, ಇಡೀ ದಿನ ನಿಂತೇ ಇರುತ್ತೀರಿ. 25ರ ಪಾಳಿ ಸಿಗದಿದ್ದರೆ ಬೇಜಾರು ಬೇಡ, 27 ಅಥವಾ 28ನ್ನು ಒತ್ತಿ. ಮೀಟಿಂಗಿನಲ್ಲಿ ಮ್ಯೂಟ್ ಹಾಕಿಕೊಂಡು ಗಂಟೆಗಟ್ಟಲೆ ಸುಮ್ನೆ ಕೂತು ಅಭ್ಯಾಸ ಇರುವ ನಮ್ಮ ಐಟಿ ಜನಕ್ಕೆ ಹೋಲ್ಡ್ ಮ್ಯೂಸಿಕ್ ಕೇಳೋ ಕೆಲಸ ಹೇಳಿ ಮಾಡಿಸಿದ್ದು.